ಸರ್ವಜ್ಞನ ವಚನ ಸೇರ್ಸಿದ ಉತ್ತಂಗಿ ಚನ್ನಪ್ಪನೋರು ಪಾದ್ರಿ ಅಂತೆ, ನಿಜಾನಾ?

ಕಬ್ಬಿನಗದ್ದೆ_ಮಂಡ್ಯ:
ಎಲ್ರಿಗೂ ನಮಸ್ಕಾರ. ಮಗಳು ಎಂಟ್ನೇ ಕ್ಲಾಸು, ಸ್ಕೂಲಲ್ಲಿ ಸರ್ವಜ್ಞನ ಬಗ್ಗೆ ಐದು ನಿಮಿಷ ಮಾತಾಡ್ಬೇಕಂತೆ. ಬರ್ಕೊಡೋಣ ಅಂತ ನಮ್ಮಪ್ಪನ ಹಳೇ ಪುಸ್ತಕ ತೆಗುದ್ರೆ ಸಂಗ್ರಹಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪ ಅಂತ ಐತೆ. ರೆವರೆಂಡ್ ಅಂದ್ರೆ ಪಾದ್ರಿ ಕಣ್ಲಾ ಅಂತ ಅಪ್ಪ, ಇಲ್ಲ ಯಾವ್ದೋ ಮಠದ ಸ್ವಾಮ್ಗೋಳು ಇರ್ಬೇಕು ಅಂತ ನಾನು, ಊಟದ ಹೊತ್ತಲ್ಲಿ ಶುರುವಾಗಿದ್ದು ಮುದ್ದೆ ತಣ್ಣಗಾದ್ರೂ ಮುಗೀಲಿಲ್ಲ. ಚನ್ನಪ್ಪ ಅನ್ನೋ ಹೆಸರಲ್ಲಿ ಪಾದ್ರಿ ಇರ್ತಾರಾ? ಇದ್ರೂ ಚರ್ಚ್ ಬಿಟ್ಟು ವಚನದ ಹಿಂದೆ ಯಾಕೆ ಬಿದ್ರು? ಗೊತ್ತಿರೋರು ಸ್ವಲ್ಪ ಹೇಳಿ.

ಹಳೇಪೇಪರ್_ಮೈಸೂರು:
ನಿಮ್ಮಪ್ಪ ಗೆದ್ರು ಬಿಡಿ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿಂದ ಬಂದ ಕ್ರೈಸ್ತ ಸಂಸ್ಥೆ) ಸಭಾಪಾಲಕರು ಅವ್ರು, ಅಂದ್ರೆ ಪಾದ್ರಿನೇ. ಹುಟ್ಟಿದ್ದು 1881ರಲ್ಲಿ ಧಾರವಾಡದಲ್ಲಿ, ಉತ್ತಂಗಿ ಅನ್ನೋದು ಹೂವಿನಹಡಗಲಿ ಕಡೆ ಊರು. ಮಂಗಳೂರಲ್ಲಿ ಮಿಷನ್ನಿನ ದೇವಶಾಸ್ತ್ರದ ಶಾಲೇಲಿ ಓದಿದ್ರು. ತಂದೆ ಹೆಸರು ದಾನಿಯೇಲಪ್ಪ! ಆ ಒಂದು ಹೆಸರಲ್ಲೇ ಬೈಬಲ್ಲೂ ಐತೆ ನಮ್ಮ ಅಪ್ಪನೂ ಐತೆ. ಹಾಗಾಗಿ ಮಗ ಚನ್ನಪ್ಪ ಅಂದ್ರೆ ಏನಾಶ್ಚರ್ಯ.

ಚರ್ಚ್ ಬಿಟ್ಟು ವಚನದ ಹಿಂದೆ ಬಿದ್ರು ಅನ್ನೋದು ಸರಿ ಇಲ್ಲ, ಪಾದ್ರಿ ಆಗಿದ್ದಾಗಲೇ ಮಾಡಿದ್ದು. ಸರ್ವಜ್ಞನ ತ್ರಿಪದಿ ಒಂದ್ಕಡೆ ಇರ್ಲಿಲ್ಲ, ಓಲೆಗರಿ, ಕೈಬರಹದ ಹೊತ್ತಿಗೆ, ಜನರ ಬಾಯಲ್ಲಿ ಚೆಲ್ಲಾಪಿಲ್ಲಿ ಆಗಿತ್ತು. ಅದನ್ನ ಊರೂರು ತಿರುಗಿ ಕೂಡಿಸಿ, ಒಂದೇ ಪದ್ಯಕ್ಕೆ ನಾಕು ಪಾಠ ಸಿಕ್ರೆ ಹೋಲ್ಸಿ ನೋಡಿ, 1924ರಲ್ಲಿ ಪುಸ್ತಕ ತಂದ್ರು. ನನ್ ಅನಿಸಿಕೆ ಏನಂದ್ರೆ ಪಾದ್ರಿ ಕೆಲಸಾನೇ ಇದಕ್ಕೆ ಅನುಕೂಲ ಆಯ್ತು, ಹಳ್ಳಿ ಸುತ್ತಬೇಕು, ಯಾರ್ಯಾರದೋ ಜಗಲಿ ಮೇಲೆ ಕೂತು ಮಾತಾಡ್ಬೇಕು, ಕಾಲೇಜಲ್ಲಿ ಕೂತ ಮೇಷ್ಟ್ರಿಗೆ ಅದು ಎಲ್ಲಿ ಸಿಗ್ಬೇಕು? ತಿರುಳ್ಗನ್ನಡದ ತಿರುಕ ಅಂತ ಹೆಸರು ಸುಮ್ನೆ ಬರ್ಲಿಲ್ಲ.

ಅಯ್ಯನೋರ_ಮೊಮ್ಮಗ:
ನಮ್ಮ ತಾತ ಮಂಡ್ಯ ಜಿಲ್ಲೇಲಿ ಸಭಾಪಾಲಕರು, ಊರೋರೆಲ್ಲ ಅಯ್ಯನೋರು ಅಂತಿದ್ರು. ನಮ್ಮ ಕಡೆ ವೆಸ್ಲಿಯನ್ ಮಿಷನ್, ಧಾರವಾಡದ ಕಡೆ ಬಾಸೆಲ್, 1947ರಲ್ಲಿ ಬೇರೆಬೇರೆ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದ್ಮೇಲೆ ಇಬ್ರೂ ಬರ್ತಾಬರ್ತಾ ಒಂದೇ ಮನೆಯೋರಾದ್ರು. ತಾತನ ಟ್ರಂಕಲ್ಲಿ ಪ್ರಸಂಗದ (ಚರ್ಚಲ್ಲಿ ಮಾಡೋ ಉಪದೇಶದ) ಚೀಟಿಗಳು ಇದ್ವು, ಮದುವೆ ಕಾರ್ಡಿನ ಹಿಂದುಗಡೆ ಇಂಕ್ ಪೆನ್ನಲ್ಲಿ ಬರ್ದಿದ್ದು. ಎಡಗಡೆ ಬೈಬಲ್ ವಾಕ್ಯದ ನಂಬರ್, ಬಲಗಡೆ ಬರೀ "ಸ." ಅಂತ ಹಾಕಿ ಎರಡು ಪದ. ಸ ಅಂದ್ರೆ ಏನು ಅಂತ ಅಜ್ಜಿನ ಕೇಳಿದ್ರೆ ಸರ್ವಜ್ಞ ಕಣೋ, ಬೈಬಲ್ ಓದುವಾಗ ತೂಕಡಿಸೋರೆಲ್ಲ ಅದು ಬಂದ್ರೆ ಎದ್ದು ಕೂರೋರು ಅಂದ್ರು.

ಸುಮ್ನೆ_ಕೇಳ್ದೆ:
ಎಲ್ಲಾ ಸರಿ ಗುರೂ, ಆದ್ರೆ ಮಿಷನ್ನೋರು ಕನ್ನಡ ಕಲ್ತಿದ್ದೇ ಮತ ಬದಲಾಯ್ಸೋಕೆ. ಅದನ್ನೂ ಹೇಳಿ.

ಹಳೇಪೇಪರ್_ಮೈಸೂರು:
ಮತಪ್ರಚಾರಕ್ಕೇ ಬಂದ್ರು, ಅದನ್ನ ಯಾರೂ ಮುಚ್ಚಿಡ್ಲಿಲ್ಲ. ಕಿಟೆಲ್ಲೂ ಅದಕ್ಕೇ ಬಂದಿದ್ದು, ಆಮೇಲೆ 1894ರಲ್ಲಿ ಸುಮಾರು 70 ಸಾವಿರ ಪದದ ನಿಘಂಟು ಕೊಟ್ಟು ಹೋದ್ರು. ಆದ್ರೆ ಉತ್ತಂಗಿಯೋರನ್ನ ಆ ಲೆಕ್ಕಕ್ಕೆ ಹಾಕ್ಬೇಡಿ, ಹೊರಗಿಂದ ಬಂದು ಕನ್ನಡ ಕಲ್ತೋರಲ್ಲ ಅವ್ರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಅಂತ ಅವ್ರದೊಂದು ಪುಸ್ತಕ ಐತೆ, ಹೆಸರು ನೋಡಿ, ಬೆತ್ಲೆಹೇಮು ಕಾಶಿ ಮುಂದೆ ಕೈ ಮುಗ್ದು ನಿಂತಂಗೆ. ಇನ್ನೊಂದು ಕೇಳಿ. ಬಸವಣ್ಣನೋರ ಅನುಭವ ಮಂಟಪ ನಿಜವಾಗ್ಲೂ ಇತ್ತಾ, ಕಟ್ಟುಕಥೆನಾ ಅಂತ ವಿದ್ವಾಂಸರಲ್ಲೇ ಜಗಳ ಎದ್ದಾಗ, ಇತ್ತು ಕಣ್ರಯ್ಯಾ ಅಂತ ಆಧಾರ ಹುಡುಕಿ ಪುಸ್ತಕಾನೇ ಬರ್ದೋರು ಈ ಪಾದ್ರಿ. ಅದ್ರಿಂದ ಚರ್ಚಿಗೆ ಏನ್ ಲಾಭ ನೀವೇ ಹೇಳಿ. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯ ಇವ್ರ ವಚನಗಳ ಮೇಲೂ ಕೂತು ಕೆಲಸ ಮಾಡವ್ರೆ.

1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವ್ರೇ ಅಧ್ಯಕ್ಷರು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಅಂಥಾ ಊರಲ್ಲಿ ಕನ್ನಡದ ಮೊದಲ್ನೇ ಕುರ್ಚಿ ಮೇಲೆ ಒಬ್ಬ ಪಾದ್ರಿ. 1962ರಲ್ಲಿ ತೀರ್ಕೊಂಡ್ರು.

ಸುಮ್ನೆ_ಕೇಳ್ದೆ:
ಅನುಭವ ಮಂಟಪದ್ದು ಗೊತ್ತಿರ್ಲಿಲ್ಲ. ಓದ್ತೀನಿ. ಮಿಷನ್ ಬಗ್ಗೆ ನನ್ ಮಾತು ಮಾತ್ರ ವಾಪಸ್ ಇಲ್ಲ 😄

ಕಬ್ಬಿನಗದ್ದೆ_ಮಂಡ್ಯ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಅಪ್ಪಂಗೆ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ, ಮೀಸೆ ಮೇಲೆ ಕೈ ಹೋಯ್ತು ಅಷ್ಟೇ. ಮಗಳು ನಾನು ಬರ್ದಿದ್ದನ್ನೆಲ್ಲ ಹೊಡ್ದಾಕಿ ದಾನಿಯೇಲಪ್ಪನ ಮಗ ಚನ್ನಪ್ಪ ಅಂತ್ಲೇ ಶುರು ಮಾಡ್ತೀನಿ ಅಂತವ್ಳೆ. ಅಯ್ಯನೋರ ಮೊಮ್ಮಗ ಸಾರ್, ನಿಮ್ಮ ತಾತಂದು ಆ "ಸ." ಚೀಟಿ ಒಂದು ಫೋಟೋ ಹಾಕೋಕಾಗುತ್ತಾ? ಸ್ಪರ್ಧೆ ಶನಿವಾರ.

ಅಯ್ಯನೋರ_ಮೊಮ್ಮಗ:
ಟ್ರಂಕು ಚಿಕ್ಕಮ್ಮನ ಮನೇಲೈತೆ, ಮೈಸೂರಲ್ಲಿ ಮಿಷನ್ ಆಸ್ಪತ್ರೆ ಹತ್ರ. ಸಂಜೆ ಹೋಗಿ ನೋಡ್ತೀನಿ, ಬೀಗದ ಕೈ ಸಿಕ್ರೆ ಹಾಕ್ತೀನಿ.