ಕೀಮೋ ಮುಗಿದಿದೆ, ಗಂಟು ಕರಗಿದೆ. ಕಂಕುಳು ಪೂರ್ತಿ ಕ್ಲಿಯರ್ ಮಾಡಿಸಬೇಕಾ? ಅನುಭವ ಇರೋರು ಹೇಳಿ

ಗುಬ್ಬಿ ತಾಲ್ಲೂಕಿನಿಂದ, ಮಗಳು

ಅಮ್ಮನಿಗೆ ಬಲಗಡೆ ಸ್ತನ ಕ್ಯಾನ್ಸರ್, ಹರ್-2 ಪಾಸಿಟಿವ್, ಅಂದ್ರೆ ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇರೋ ಬಗೆ. ಕಂಕುಳಲ್ಲಿ ಒಂದು ಗಂಟು ಸಿಕ್ಕಿತ್ತು. ಸೂಜಿ ಹಾಕಿ ನೋಡಿದಾಗ ಅದರಲ್ಲೂ ಕಾಯಿಲೆ ಇದೆ ಅಂತ ಬಂತು. ಅದಕ್ಕೇ ಆಪರೇಷನ್‌ಗೆ ಮೊದಲೇ ಕೀಮೋ, ಜೊತೆಗೆ ಹರ್-2ಗೆ ಅಂತಲೇ ಇರೋ ಔಷಧಿ ಟ್ರಾಸ್ಟುಜುಮಾಬ್ ಕೊಟ್ರು. ಈಗ ಕೀಮೋ ಮುಗಿದಿದೆ. ಗಂಟು ಕೈಗೂ ಸಿಗ್ತಿಲ್ಲ, ಸ್ಕ್ಯಾನ್‌ನಲ್ಲೂ ಇಲ್ಲ.

ಒಬ್ಬ ಸರ್ಜನ್ "ಮೊದಲು ಇತ್ತಲ್ಲ, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದುಬಿಡೋದೇ ಸೇಫ್" ಅಂತಾರೆ. ಇನ್ನೊಬ್ಬರು "ಮೂರು ನಾಲ್ಕು ತೆಗೆದು ಟೆಸ್ಟ್ ಮಾಡೋಣ, ಕ್ಲೀನ್ ಇದ್ರೆ ಅಷ್ಟೇ ಸಾಕು" ಅಂತಾರೆ. ಅಮ್ಮ ದಿನಾ ಎರಡು ಹಸು ಕರೀತಾರೆ. ಅವರ ತಲೇಲಿರೋದು ಒಂದೇ: "ಗ್ರಂಥಿ ಎಲ್ಲ ತೆಗೆದು ಬಲಗೈ ಊದ್ಕೊಂಡ್ರೆ ಡೇರಿಗೆ ಹಾಲು ಯಾರು ಹಾಕ್ತಾರೆ?" ಇಬ್ಬರಲ್ಲಿ ಯಾರ ಮಾತು ಕೇಳೋದು? ಮುಂದಿನ ವಾರ ಡೇಟ್ ಕೊಡ್ತಾರಂತೆ.

ತಿಪಟೂರಿನಿಂದ, ನಾನೇ ಪೇಷೆಂಟ್

ನನ್ನದು ಟ್ರಿಪಲ್ ನೆಗೆಟಿವ್, ಅಂದ್ರೆ ಹರ್-2 ಆಗಲಿ ಹಾರ್ಮೋನ್ ಆಗಲಿ ಪಾಸಿಟಿವ್ ಇಲ್ಲದ ಬಗೆ. ನನಗೂ ಕಂಕುಳಲ್ಲಿ ಗಂಟಿತ್ತು, ಕೀಮೋಗೆ ಕರಗಿತು. ನನಗೆ ಆಗಿದ್ದು ಸೆಂಟಿನೆಲ್ ಬಯಾಪ್ಸಿ, ಅಂದ್ರೆ ನಿಮ್ಮ ಎರಡನೇ ಡಾಕ್ಟರ್ ಹೇಳಿದ್ದೇ. ಆದರೆ ಒಂದು ವ್ಯತ್ಯಾಸ ಇದೆ. ಮೊದಲನೇ ಕೀಮೋಗೆ ಮುಂಚೆಯೇ ಆ ಕಾಯಿಲೆ ಇದ್ದ ಗ್ರಂಥಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಲೋಹದ ಕ್ಲಿಪ್ ಕೂರಿಸಿದ್ರು. ಆಮೇಲೆ ಗಂಟು ಕರಗಿಹೋದ್ರೂ "ಅವತ್ತು ಕಾಯಿಲೆ ಇದ್ದದ್ದು ಇದರಲ್ಲೇ" ಅಂತ ಹುಡುಕೋಕೆ ಅದೇ ಗುರುತು. ಅಮ್ಮನಿಗೆ ಹಾಕಿದ್ದಾರಾ ಅಂತ ಹಳೇ ಅಲ್ಟ್ರಾಸೌಂಡ್ ರಿಪೋರ್ಟಲ್ಲಿ ನೋಡಿ. "ಕ್ಲಿಪ್" ಅಥವಾ "ಮಾರ್ಕರ್" ಅಂತ ಬರೆದಿರುತ್ತೆ.

ಆಪರೇಷನ್ ದಿನ ಬೆಳಿಗ್ಗೆ ಮೊಲೆತೊಟ್ಟಿನ ಹತ್ತಿರ ಒಂದು ಇಂಜೆಕ್ಷನ್ ಕೊಟ್ರು, ಅದು ಐಸೋಟೋಪ್, ತೆಗೀಬೇಕಾದ ಗ್ರಂಥಿ ಹುಡುಕೋಕೆ ಸ್ವಲ್ಪ ವಿಕಿರಣ ಸೂಸೋ ಔಷಧಿ. ಅನಸ್ತೇಶಿಯಾ ಕೊಟ್ಟು ಪ್ರಜ್ಞೆ ತಪ್ಪಿಸಿದಮೇಲೆ ಅದಕ್ಕೇ ನೀಲಿ ಬಣ್ಣವನ್ನೂ ಹಾಕಿದ್ದಾರೆ. ಸಂಜೆ ಬಾತ್‌ರೂಮಿಗೆ ಹೋದ್ರೆ ಮೂತ್ರ ಹಸಿರು! ಚೀರಿಬಿಟ್ಟೆ. ಆಯಮ್ಮ ನಕ್ಕು "ನಾಳೆಗೆ ಸರಿಹೋಗುತ್ತೆ ಬಾರಮ್ಮ" ಅಂದ್ರು. ಹೇಳಿಟ್ಟಿರ್ತೀನಿ, ನಿಮ್ಮಮ್ಮ ಹೆದರಬಾರದು. ಸ್ತನದ ಮೇಲಿನ ನೀಲಿ ಕಲೆ ಮಾತ್ರ ಬಹಳ ದಿನ ಇರುತ್ತೆ.

ನಾಲ್ಕು ಗ್ರಂಥಿ ತೆಗೆದ್ರು, ಕ್ಲಿಪ್ ಇದ್ದದ್ದೂ ಅದರಲ್ಲೇ ಬಂತು. ಎಲ್ಲ ಕ್ಲೀನ್. ಕೈ ಚೆನ್ನಾಗಿದೆ. ತೋಳಿನ ಒಳಭಾಗದಲ್ಲಿ ಸ್ವಲ್ಪ ಜೋಮು ಹಿಡಿದ ಹಾಗಿರುತ್ತೆ, ಅಷ್ಟೇ.

ಕುಣಿಗಲ್‌ನಿಂದ

ಗಂಟೇ ಕರಗಿದೆ ಅಂದಮೇಲೆ ಕಂಕುಳಿಗೆ ಯಾಕ್ರೀ ಕೈ ಹಾಕಬೇಕು? ಸ್ಕ್ಯಾನ್ ಕ್ಲೀನ್ ಇದೆಯಲ್ಲ. ಸುಮ್ನೆ ಬಿಡಿಸಿ.

ತುಮಕೂರಿನಿಂದ, ಕ್ಯಾನ್ಸರ್ ಸರ್ಜರಿ ವಾರ್ಡಿನಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದ ನರ್ಸ್

ಕುಣಿಗಲ್‌ನವರು ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಸ್ಕ್ಯಾನಿಗೆ ಕಾಣೋದು ಗಾತ್ರ. ಗ್ರಂಥಿಯೊಳಗೆ ಉಳಿದ ಒಂದು ಮಿಲಿಮೀಟರ್ ಕಾಯಿಲೆಯನ್ನ ಅಲ್ಟ್ರಾಸೌಂಡೂ ಹಿಡಿಯಲ್ಲ, ಪೆಟ್ ಸ್ಕ್ಯಾನೂ ಹಿಡಿಯಲ್ಲ. ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ್ರೇನೇ ಗೊತ್ತಾಗೋದು. ಇವರಮ್ಮನ ಕೇಸಲ್ಲಿ ಕಂಕುಳನ್ನ ಮುಟ್ಟಬೇಕೋ ಬೇಡವೋ ಅನ್ನೋದು ಪ್ರಶ್ನೆಯೇ ಅಲ್ಲ. ಎಷ್ಟು ತೆಗೀಬೇಕು ಅನ್ನೋದು ಪ್ರಶ್ನೆ.

ಗುಬ್ಬಿಯವರಿಗೆ. ಇಬ್ಬರು ಡಾಕ್ಟರೂ ಸುಳ್ಳು ಹೇಳ್ತಿಲ್ಲ. ಒಬ್ಬರದು ಹಳೇ ಪಾಠ, ಇನ್ನೊಬ್ಬರದು ಈಚಿನದು, ಎರಡಕ್ಕೂ ಆಧಾರ ಇದೆ. ನಮ್ಮ ಸೀಮೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ರೆ ನೀರು ಮೊದಲು ಬರೋದು ಅದರ ಕೆಳಗಿನ ಕೆರೆಗೆ ತಾನೆ? ಸ್ತನದಿಂದ ಹೊರಟ ಕಾಯಿಲೆ ಮೊದಲು ಮುಟ್ಟೋ ಕೆಲವು ಗ್ರಂಥಿಗಳೇ ಸೆಂಟಿನೆಲ್. ಅವು ಕ್ಲೀನ್ ಇದ್ರೆ ಮುಂದಿನವೂ ಕ್ಲೀನ್ ಅನ್ನೋದು ಲೆಕ್ಕ. ಆದರೆ ಕೀಮೋ ಆದಮೇಲೆ ಈ ಲೆಕ್ಕ ತಪ್ಪೋದುಂಟು. ಒಂದು ಗ್ರಂಥಿಯಲ್ಲಿ ಕಾಯಿಲೆ ಪೂರ್ತಿ ಸತ್ತಿರುತ್ತೆ, ಪಕ್ಕದ್ದರಲ್ಲಿ ಉಳಿದಿರುತ್ತೆ. ಬಣ್ಣ ಹರಿಯೋ ದಾರಿಯೂ ಕಲೆಗಟ್ಟಿ ಮುಚ್ಚಿಹೋಗಿರಬಹುದು.

ಅಮೆರಿಕದಲ್ಲಿ ಝಡ್1071 ಅಂತ ಒಂದು ಅಧ್ಯಯನ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ನಿಮ್ಮಮ್ಮನ ಹಾಗೆ ಕೀಮೋಗೆ ಮೊದಲು ಗ್ರಂಥಿಯಲ್ಲಿ ಕಾಯಿಲೆ ಇದ್ದ ಹೆಂಗಸರಿಗೆ ಸೆಂಟಿನೆಲ್ ತೆಗೆದು, ಅದೇ ಆಪರೇಷನ್‌ನಲ್ಲಿ ಕಂಕುಳನ್ನೂ ಪೂರ್ತಿ ತೆಗೆದು ತಾಳೆ ನೋಡಿದ್ರು. ಕಂಕುಳಲ್ಲಿ ಕಾಯಿಲೆ ಉಳಿದಿದ್ದವರಲ್ಲಿ 12.6% ಜನಕ್ಕೆ ಸೆಂಟಿನೆಲ್ "ಕ್ಲೀನ್" ಅಂತ ತಪ್ಪು ಹೇಳಿತ್ತು. 10%ಗಿಂತ ಕಮ್ಮಿ ಇದ್ರೆ ಒಪ್ಪಬಹುದು ಅಂದ್ಕೊಂಡಿದ್ರು, ಸ್ವಲ್ಪ ಜಾಸ್ತಿ ಆಯ್ತು. ಹಳೇ ಪಾಠದವರು ಹಿಡ್ಕೊಂಡಿರೋದು ಈ ಸಂಖ್ಯೆಯನ್ನ. ಆದರೆ ಅದೇ ಅಧ್ಯಯನದಲ್ಲಿ ಮೂರು ಅಥವಾ ಹೆಚ್ಚು ಸೆಂಟಿನೆಲ್ ಸಿಕ್ಕಿದವರಲ್ಲಿ ಈ ತಪ್ಪು 9.1%ಗೆ ಇಳಿದಿತ್ತು. ಆಮೇಲೆ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್‌ನವರು 2016ರಲ್ಲಿ ಇನ್ನೊಂದು ತೋರಿಸಿದ್ರು. ಕ್ಲಿಪ್ ಹಾಕಿದ ಗ್ರಂಥಿಯನ್ನೂ ಸೆಂಟಿನೆಲ್ ಜೊತೆ ಹುಡುಕಿ ತೆಗೆದ್ರೆ ತಪ್ಪು ಕೇವಲ 2%. ತಿಪಟೂರಿನವರಿಗೆ ಮಾಡಿದ್ದು ಇದೇ, ಟಾರ್ಗೆಟೆಡ್ ಡಿಸೆಕ್ಷನ್ ಅಂತಾರೆ. ವಿಚಿತ್ರ ಏನಂದ್ರೆ, ಸುಮಾರು ಕಾಲುಭಾಗ ಜನರಲ್ಲಿ ಆ ಕ್ಲಿಪ್ ಇದ್ದ ಗ್ರಂಥಿ ಸೆಂಟಿನೆಲ್ ಆಗಿರಲೇ ಇಲ್ಲ!

ಅಮ್ಮನ ಪರವಾಗಿ ಒಂದು ಒಳ್ಳೇ ಅಂಶ ಇದೆ. ಹರ್-2 ಪಾಸಿಟಿವ್ ಕಾಯಿಲೆಗೆ ಕಂಕುಳು ಪೂರ್ತಿ ಕ್ಲೀನ್ ಆಗೋ ಸಾಧ್ಯತೆ ಬೇರೆ ಬಗೆಗಳಿಗಿಂತ ಜಾಸ್ತಿ. ಝಡ್1071ರಲ್ಲಿ ಹರ್-2ನವರಲ್ಲಿ ಸುಮಾರು 65%, ಹಾರ್ಮೋನ್ ಪಾಸಿಟಿವ್ ಮಾತ್ರ ಇದ್ದವರಲ್ಲಿ ಸುಮಾರು 21%. ಎಲ್ಲ ತೆಗೆದುಹಾಕಿ, ಆಮೇಲೆ "ಒಂದರಲ್ಲೂ ಇರಲಿಲ್ಲ" ಅಂತ ರಿಪೋರ್ಟ್ ಬಂದ್ರೆ, ಕೈಗೆ ಆದ ಕಷ್ಟ ವಾಪಸ್ ಹೋಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಕೀಮೋಗೆ ಮೊದಲು ಕಂಕುಳಲ್ಲಿ ಏನಿತ್ತು ಅನ್ನೋ ಕಾಗದ ಇಲ್ಲದೆ ಯಾರೂ ಇದನ್ನ ತೀರ್ಮಾನ ಮಾಡಬಾರದು. ಎಷ್ಟು ಗಂಟು ಇತ್ತು? ಬಿಡಿಬಿಡಿಯಾಗಿ ಜಾರುತ್ತಿತ್ತಾ, ಒಂದಕ್ಕೊಂದು ಅಂಟಿಕೊಂಡಿತ್ತಾ? ಅಂಟಿಕೊಂಡಿದ್ರೆ, ಅಥವಾ ಸ್ತನದ ಚರ್ಮವೆಲ್ಲ ಕೆಂಪಾಗಿ ಊದಿ ಬರೋ ಉರಿಯೂತದ ಬಗೆ ಆಗಿದ್ರೆ, ಪೂರ್ತಿ ಕ್ಲಿಯರ್ ಮಾಡೋದೇ ಈಗಲೂ ಸರಿ.

ಶಿರಾದಿಂದ, ಗಂಡ

ನನ್ನ ಹೆಂಡತಿಗೆ ಪೂರ್ತಿ ತೆಗೆದ್ರು. ಗಂಟುಗಳೆಲ್ಲ ಕಲೆತುಹೋಗಿದ್ವು, ಡಾಕ್ಟರು ಬೇರೆ ದಾರಿ ಇಲ್ಲ ಅಂದ್ರು. ರಿಪೋರ್ಟಲ್ಲಿ ಕಾಯಿಲೆ ಉಳಿದಿತ್ತು ಕೂಡ. ತೆಗೆಸಿದ್ದು ಒಳ್ಳೇದೇ ಆಯ್ತು. ಇಲ್ಲಿ ಎಲ್ಲರೂ ಪೂರ್ತಿ ತೆಗೆಸೋದನ್ನ ಹಳೇ ಕಾಲದ್ದು ಅಂತ ಮಾತಾಡೋದು ನೋಡಿ ಬರೆಯೋಣ ಅನ್ನಿಸ್ತು.

ಕಷ್ಟ ಏನೇನು ಅಂದ್ರೆ, ಗಾಯದ ನೀರು ಇಳಿಯೋ ಡ್ರೈನ್ ಬಾಟಲಿ ಜೊತೆ ಮನೆಗೆ ಕಳಿಸಿದ್ರು. ದಿನಾ ಬೆಳಿಗ್ಗೆ ಅದನ್ನ ಅಳತೆ ಲೋಟಕ್ಕೆ ಸುರಿದು ಎಷ್ಟು ಮಿಲಿ ಅಂತ ಕ್ಯಾಲೆಂಡರಿನ ಮೇಲೆ ಬರೀತಿದ್ದೆ. ದಿನಕ್ಕೆ 30 ಮಿಲಿಗಿಂತ ಕಡಿಮೆ ಬಂದಮೇಲೇ ತೆಗೆದಿದ್ದು. ಕೈ ಮೇಲೆತ್ತೋಕೆ ಹೋದ್ರೆ ಕಂಕುಳಿಂದ ಮೊಣಕೈವರೆಗೂ ದಾರ ಬಿಗಿದ ಹಾಗೆ ಎಳೀತಿತ್ತು. ಫಿಸಿಯೋದವರು ಗೋಡೆ ಮೇಲೆ ಬೆರಳು ಏರಿಸೋ ವ್ಯಾಯಾಮ ಹೇಳಿಕೊಟ್ರು, ಅದರಿಂದ ಬಿಡ್ತು. ಒಂದು ವರ್ಷ ಆದಮೇಲೆ ಕೈ ಊದೋಕೆ ಶುರು ಆಯ್ತು. ಬಳೆ ಏರ್ತಿಲ್ಲ ಅಂದಾಗ ನಮಗೆ ಗೊತ್ತಾಗಿದ್ದು. ಈಗ ಬಿಗಿ ತೋಳುಚೀಲ ಹಾಕ್ಕೊಳ್ತಾಳೆ. ಅದನ್ನ ಕೈಯಳತೆ ತಗೊಂಡೇ ಕೊಡಿಸಬೇಕು, ಅಂಗಡೀಲಿ ಸಿಕ್ಕಿದ ಸೈಜ್ ತಂದ್ರೆ ಪ್ರಯೋಜನ ಇಲ್ಲ. ಅಡುಗೆ, ಹೊಲ ಎಲ್ಲ ಮಾಡ್ತಾಳೆ.

ತುಮಕೂರಿನ ನರ್ಸ್

ಶಿರಾದವರು ಹೇಳಿದ್ದು ನೂರಕ್ಕೆ ನೂರು ಸರಿ. ಕೈ ಊತದ ಲೆಕ್ಕ ಬೇಕಿದ್ರೆ, ಹಲವು ಅಧ್ಯಯನಗಳನ್ನ ಒಟ್ಟು ಹಾಕಿ 2013ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಪೂರ್ತಿ ಕ್ಲಿಯರ್ ಮಾಡಿದ್ರೆ ಸುಮಾರು 20%, ಸೆಂಟಿನೆಲ್ ಆದ್ರೆ ಸುಮಾರು 5.6%. ಅಂದ್ರೆ ಪೂರ್ತಿ ತೆಗೆಸಿಕೊಂಡ ಐವರಲ್ಲಿ ನಾಲ್ವರಿಗೆ ಊತ ಬರಲ್ಲ. ಇದನ್ನೂ ಅಮ್ಮನಿಗೆ ಹೇಳಿ. ಕಂಕುಳಿಗೆ ರೇಡಿಯೇಷನ್ನೂ ಸೇರಿದ್ರೆ, ತೂಕ ಜಾಸ್ತಿ ಇದ್ರೆ, ಕೈಗೆ ಸೋಂಕು ಆದ್ರೆ ಅಪಾಯ ಏರುತ್ತೆ.

ಹಾಲು ಕರೆಯೋದರ ಬಗ್ಗೆ ಅಷ್ಟು ಹೆದರಬೇಡಿ. ಗಾಯ ಆರಿದಮೇಲೆ ನಿಧಾನವಾಗಿ ಶುರು ಮಾಡಿದ ಕೆಲಸದಿಂದ ಊತ ಬರಲ್ಲ. ನನಗೆ ಭಯ ಇರೋದು ಹುಲ್ಲು ಕೊಯ್ಯೋದರ ಬಗ್ಗೆ. ಸೀಮೆಹುಲ್ಲಿನ ಅಂಚು ಕೊಯ್ದ ಗೀರು, ಕುಡುಗೋಲಿನ ಗಾಯ, ಉಣ್ಣೆ ಕಚ್ಚಿದ ಜಾಗ, ಇವುಗಳಿಂದ ಸೋಂಕು ಒಳಗೆ ಹೋಗುತ್ತೆ. ಬಲಗೈಗೆ ಗ್ಲೌಸ್ ಹಾಕ್ಕೊಂಡೇ ಕೊಯ್ಯಲಿ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ "ನಾಳೆ ನೋಡೋಣ" ಅನ್ನದೆ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಗುಬ್ಬಿಯ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಫೈಲ್ ತೆಗೆದು ನೋಡಿದೆ. ಗಂಟು ಒಂದೇ, ಅಂಟಿಕೊಂಡಿರಲಿಲ್ಲ ಅಂತಿದೆ. ಆದರೆ ಕ್ಲಿಪ್ ಹಾಕಿಲ್ಲ. ಯಾರೂ ಹೇಳೇ ಇಲ್ಲ ನಮಗೆ. ಹಾಗಾದ್ರೆ ನಮ್ಮ ಕೈಲಿ ಪೂರ್ತಿ ತೆಗೆಸೋದು ಬಿಟ್ಟು ದಾರಿ ಇಲ್ವಾ?

ತುಮಕೂರಿನ ನರ್ಸ್

ಇದೆ. ನಮ್ಮ ಕಡೆ ಬಹಳ ಜನಕ್ಕೆ ಕ್ಲಿಪ್ ಹಾಕಿರಲ್ಲ. ಆಗ ಸರ್ಜನ್ ಹತ್ರ ಸೆಂಟಿನೆಲ್ ಹುಡುಕೋಕೆ ಒಂದೇ ಬಣ್ಣ ಹಾಕ್ತೀರಾ, ಎರಡು ಬಗೆ ಹಾಕ್ತೀರಾ ಅಂತ ಕೇಳಿ. ನೀಲಿ ಬಣ್ಣದ ಜೊತೆ ಐಸೋಟೋಪ್ ಇರಬೇಕು. ಅದಿಲ್ಲದ ಕಡೆ ಐಸಿಜಿ ಅನ್ನೋ ಹಸಿರು ಹೊಳೆಯೋ ಬಣ್ಣ ಬಳಸ್ತಾರೆ. ಐಸೋಟೋಪ್‌ಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಅದರ ವಿಕಿರಣ ಪತ್ತೆ ಹಚ್ಚೋ ಗಾಮಾ ಪ್ರೋಬ್ ಬೇಕು, ಎಲ್ಲ ಆಸ್ಪತ್ರೆಯಲ್ಲೂ ಇರಲ್ಲ. ಕಡೇಪಕ್ಷ ಮೂರು ಗ್ರಂಥಿ ಸಿಗದೇ ಹೋದ್ರೆ ಏನು ಮಾಡ್ತೀರಿ ಅಂತಲೂ ಕೇಳಿ. ಒಂದೇ ಒಂದು ಸಿಕ್ಕಿ ಅದು ಕ್ಲೀನ್ ಇದೆ ಅಂದ್ರೆ ನಾನಾದ್ರೆ ನಂಬಲ್ಲ. ಮುಂಬೈ ಟಾಟಾ ಮೆಮೋರಿಯಲ್‌ನವರು ಬೆಳೆಸಿದ ಇನ್ನೊಂದು ಪದ್ಧತಿ ಇದೆ, ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ಒಟ್ಟಿಗೆ ತೆಗೆದು ಪರೀಕ್ಷೆ ಮಾಡೋದು. ಅದಕ್ಕೆ ದುಬಾರಿ ಯಂತ್ರ ಬೇಡ.

ಇನ್ನೊಂದು ಮಾತು. ಆಪರೇಷನ್ ನಡೀತಿರುವಾಗಲೇ ಗ್ರಂಥಿಯನ್ನ ಹೆಪ್ಪುಗಟ್ಟಿಸಿ ತಕ್ಷಣ ಪರೀಕ್ಷೆ ಮಾಡೋ ಫ್ರೋಜನ್ ಸೆಕ್ಷನ್ ನೋಡಿ ಕ್ಲೀನ್ ಅಂದ್ರೂ, ವಾರ ಕಳೆದು ಬರೋ ಪೂರ್ತಿ ರಿಪೋರ್ಟಲ್ಲಿ ಚೂರು ಕಾಯಿಲೆ ಸಿಗಬಹುದು. ಕೀಮೋ ಆದವರಲ್ಲಿ ಆ ಚೂರನ್ನೂ ಕಡೆಗಣಿಸಲ್ಲ. ಎರಡನೇ ಆಪರೇಷನ್ ಬೇಕಾಗಬಹುದು. ಅದಕ್ಕೆ ಅಮ್ಮ ಒಪ್ತಾರಾ ಅಂತ ಈಗಲೇ ಮನೆಯಲ್ಲಿ ಮಾತಾಡಿ, ಆಮೇಲೆ ಗೋಳಾಡೋದು ಬೇಡ. ರಿಪೋರ್ಟಿನ ಮೇಲೆ ಮುಂದಿನ ಔಷಧಿಯೂ ನಿಂತಿದೆ. ಹರ್-2ನವರಿಗೆ ಸ್ತನದಲ್ಲೋ ಕಂಕುಳಲ್ಲೋ ಕಾಯಿಲೆ ಉಳಿದಿದ್ರೆ ಟ್ರಾಸ್ಟುಜುಮಾಬ್ ಬದಲು ಟಿ-ಡಿಎಂ1, ಅಂದ್ರೆ ಅದಕ್ಕೇ ಕೀಮೋ ಔಷಧಿ ಜೋಡಿಸಿದ್ದು, ಕೊಡ್ತಾರೆ. 2019ರಲ್ಲಿ ಪ್ರಕಟವಾದ ಕ್ಯಾಥರೀನ್ ಅಧ್ಯಯನದಲ್ಲಿ ಅದು ಕಾಯಿಲೆ ಮರುಕಳಿಸೋದನ್ನ ಅರ್ಧಕ್ಕೆ ಇಳಿಸಿತ್ತು. ಇಲ್ಲಿ ಎರಡು ತೆಗೆದ್ರೋ ಇಪ್ಪತ್ತು ತೆಗೆದ್ರೋ ಅನ್ನೋದಕ್ಕಿಂತ "ಉಳಿದಿದೆಯಾ ಇಲ್ವಾ" ಅನ್ನೋ ಉತ್ತರ ಸರಿಯಾಗಿ ಸಿಗೋದು ಮುಖ್ಯ.

ಮಧುಗಿರಿಯಿಂದ

ಖರ್ಚಿನ ಬಗ್ಗೆ ಯಾರೂ ಹೇಳಿಲ್ಲ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತೆ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬರೆಸಿಕೊಳ್ಳಿ. ಒಂದು ದಿನ ತುಮಕೂರಿಗೆ ಓಡಾಡಬೇಕು, ಆದ್ರೂ ಮಾಡಿ. ಸೆಂಟಿನೆಲ್‌ನ ಐಸೋಟೋಪ್ ಖರ್ಚು ಪ್ಯಾಕೇಜಿನಲ್ಲಿ ಬರುತ್ತಾ ಅಂತ ಅಡ್ಮಿಟ್ ಆಗೋಕೆ ಮುಂಚೆ ಆರೋಗ್ಯಮಿತ್ರರ ಕೌಂಟರಲ್ಲೇ ಕೇಳಿ.

ತಿಪಟೂರಿನಿಂದ

ರೇಡಿಯೇಷನ್ ಬಗ್ಗೆಯೂ ಈಗಲೇ ಕೇಳಿಟ್ಕೊಳ್ಳಿ. ಕಂಕುಳು ಕ್ಲೀನ್ ಬಂದ್ರೂ ನನಗೆ ಕರೆಂಟ್ ಕೊಟ್ರು. ಈಗ ಕೆಲವರಿಗೆ ಬೇಡ ಅಂತಾರಂತೆ?

ತುಮಕೂರಿನ ನರ್ಸ್

ಹೌದು. ಎನ್‌ಎಸ್‌ಎಬಿಪಿ ಬಿ-51 ಅಂತ ಒಂದು ಅಧ್ಯಯನ, 2025ರಲ್ಲಿ ಪೂರ್ತಿ ಪ್ರಕಟ ಆಯ್ತು. ಕೀಮೋದಿಂದ ಗ್ರಂಥಿಗಳು ಪೂರ್ತಿ ಕ್ಲೀನ್ ಆದವರಿಗೆ ಗ್ರಂಥಿಗಳಿರೋ ಜಾಗಕ್ಕೆ ರೇಡಿಯೇಷನ್ ಕೊಟ್ಟರೂ ಕೊಡದಿದ್ರೂ 5 ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಯಿಲೆ ಮರುಕಳಿಸದೆ ಇದ್ದವರು 92.7% ಮತ್ತು 91.8%. ಸ್ತನ ಉಳಿಸಿಕೊಂಡವರಿಗೆ ಸ್ತನದ ರೇಡಿಯೇಷನ್ ಬೇಕೇ ಬೇಕು, ಅದು ಬೇರೆ ವಿಷಯ. ಗುಬ್ಬಿಯವರು ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಮೂವರೂ ಕೂತು ನೋಡೋ ಟ್ಯೂಮರ್ ಬೋರ್ಡ್‌ಗೆ ಅಮ್ಮನ ಕೇಸ್ ಇಡಿ ಅಂತ ಕೇಳಿ. ಕೇಳಿದ್ರೆ ಇಡ್ತಾರೆ.

ಗುಬ್ಬಿಯ ಮಗಳು

ಇವತ್ತು ಹೋಗಿ ಬಂದ್ವಿ. ಎರಡು ಬಗೆಯ ಬಣ್ಣ ಹಾಕ್ತೀವಿ, ಮೂರಕ್ಕಿಂತ ಕಡಿಮೆ ಸಿಕ್ಕಿದ್ರೆ ಅಥವಾ ಏನಾದ್ರೂ ಉಳಿದಿದ್ರೆ ಪೂರ್ತಿ ತೆಗೀತೀವಿ ಅಂತ ಒಪ್ಪಂದ ಆಯ್ತು, ಫೈಲಲ್ಲೂ ಬರೆದ್ರು. ಅಮ್ಮ ಒಪ್ಪಿದ್ದಾರೆ. ಅಪ್ಪ ಹೋದಮೇಲಿಂದ ನಿದ್ದೆ ಬರಲ್ಲ ಅಂತ ಅಮ್ಮ ಖಿನ್ನತೆಯ ಮಾತ್ರೆ ತಗೋತಿದ್ದಾರೆ, ಅದಕ್ಕೇನೂ ತೊಂದರೆ ಇಲ್ಲ ತಾನೆ?

ತುಮಕೂರಿನ ನರ್ಸ್

ಕೇಳಿದ್ದು ಒಳ್ಳೇದಾಯ್ತು. ನೀಲಿ ಬಣ್ಣ ಮೆಥಿಲೀನ್ ಬ್ಲೂ ಆಗಿದ್ರೆ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಅದು ಹೊಂದಲ್ಲ, ಜೋರು ರಿಯಾಕ್ಷನ್ ಆಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಚೀಟಿ ಸಮೇತ ನಾಳೆಯೇ ಸರ್ಜನ್‌ಗೂ ಅನಸ್ತೇಶಿಯಾದವರಿಗೂ ತೋರಿಸಿ, ಬೇರೆ ಬಣ್ಣ ಬಳಸಬೇಕಾ ಅಂತ ಅವರು ಹೇಳ್ತಾರೆ.