ರಾಷ್ಟ್ರೀಯ ಆಟ ಯಾವುದು? "ಯಾವುದೂ ಇಲ್ಲ" ಎಂದ ಹುಡುಗನಿಗೆ ಸೊನ್ನೆ

ಲಿಂಗಸುಗೂರು ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಲಿಂಗಸುಗೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಪಾಠ ಮಾಡುತ್ತೇನೆ. ಎರಡೂ ತರಗತಿ ಒಂದೇ ಕೋಣೆಯಲ್ಲಿ.

ಹೋದ ವಾರ ನಮ್ಮ ಮಕ್ಕಳನ್ನು ಒಂದು ರಸಪ್ರಶ್ನೆ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. "ಭಾರತದ ರಾಷ್ಟ್ರೀಯ ಆಟ ಯಾವುದು?" ಎಂದು ಕೇಳಿದರು. ನಮ್ಮ 5ನೇ ತರಗತಿ ಹುಡುಗ ಎದ್ದು ನಿಂತು "ಯಾವ ಆಟಾನೂ ಅಲ್ರಿ" ಎಂದ. ಹಾಗೆ ಹೇಳಿಕೊಟ್ಟವಳು ನಾನೇ. ಪಕ್ಕದ ತಂಡದವರು "ಹಾಕಿ" ಎಂದರು, ಅವರಿಗೆ ಅಂಕ. ನಾವು ಸೋತದ್ದು ಒಂದೇ ಅಂಕದಲ್ಲಿ. ನಾನು ಹೋಗಿ ಹೇಳಿದೆ. "ಮೇಡಂ, ನಮ್ಮ ಹತ್ರ ಇರೋ ಉತ್ತರದ ಪಟ್ಟಿಯಲ್ಲಿ ಹಾಕಿ ಅಂತಾನೇ ಇದೆ" ಎಂದರು. ಮುಗೀತು.

ವಾಪಸ್ ಬರುವಾಗ ಟಂಟಂನಲ್ಲಿ ಆ ಹುಡುಗ ಸುಮ್ಮನೆ ಕೂತಿದ್ದ. ಊರು ಬರುವ ಹೊತ್ತಿಗೆ ಮೆಲ್ಲಗೆ ಕೇಳಿದ: "ಟೀಚರ್, ನೀವು ಹೇಳಿದ್ದು ಸುಳ್ಳೇನ್ರಿ?"

ನಮ್ಮ ಕೋಣೆಯ ಗೋಡೆಗೆ ಅಂಗಡಿಯಿಂದ ತಂದ ಒಂದು ಚಾರ್ಟ್ ಇದೆ. ಹುಲಿ, ನವಿಲು, ಕಮಲ, ಆಲದ ಮರ, ಮಾವು. ಅದರ ಕೆಳಗೆ ಹಾಕಿ. ಅದರ ಪಕ್ಕದಲ್ಲಿ ರಾಷ್ಟ್ರೀಯ ಸಿಹಿ ಜಿಲೇಬಿ! ಮಕ್ಕಳು ಇದನ್ನು ಮಗ್ಗಿಯ ಹಾಗೆ ಒದರುತ್ತಾರೆ. ನವಿಲು ಯಾಕೆ ಅಂತ ಕೇಳಿದರೆ "ಚಂದ ಐತಲ್ರಿ" ಅಂತಾರೆ. ಅದಕ್ಕೆ ಏನು ಹೇಳೋದು?

ನನ್ನ ಪ್ರಶ್ನೆ ಎರಡು. ಅಂಕ ಸಿಗುವ ಉತ್ತರ ಕಲಿಸಬೇಕೋ, ಸರಿಯಾದ ಉತ್ತರ ಕಲಿಸಬೇಕೋ? ಮತ್ತೆ, ಈ ಪಾಠವನ್ನು ಬಾಯಿಪಾಠ ಬಿಟ್ಟು ಬೇರೆ ಹೇಗೆ ಮಾಡಬಹುದು? ನಮ್ಮಲ್ಲಿ ಪ್ರೊಜೆಕ್ಟರ್ ಗಿಜೆಕ್ಟರ್ ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇಬ್ಬರು ಮಕ್ಕಳ ತಾಯಿ:

ಮೇಡಂ, ಬೇಜಾರು ಮಾಡ್ಕೋಬೇಡಿ. ನನ್ನ ಮಗಳು ಈ ವರ್ಷ ಮೊರಾರ್ಜಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುತ್ತಾಳೆ. ನಮಗೆ ಒಂದೊಂದು ಅಂಕವೂ ಮುಖ್ಯ. ಗೈಡಿನಲ್ಲಿ ಏನಿದೆಯೋ ಅದನ್ನೇ ಬರಿ ಅಂತ ನಾನು ಹೇಳಿದ್ದೇನೆ. ಸತ್ಯ ದೊಡ್ಡವಳಾದ ಮೇಲೆ ಗೊತ್ತಾಗುತ್ತೆ ಬಿಡಿ. ನಮ್ಮ ಕಾಲದಲ್ಲೂ ಹಾಕಿ ಅಂತಾನೇ ಬರೆದು ಪಾಸಾದವರು ನಾವು, ಏನಾಯ್ತು ಈಗ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಏನೂ ಆಗಲಿಲ್ಲ ತಾಯಿ, ಅದಕ್ಕೇ ಆ ಚಾರ್ಟ್ ಇನ್ನೂ ಅಂಗಡಿಯಲ್ಲಿ ಮಾರಾಟವಾಗ್ತಾ ಇದೆ.

ಟೀಚರಮ್ಮ, ಮೊದಲು ಆ ಹುಡುಗನಿಗೆ ಒಂದು ವಿಷಯ ಹೇಳಿ. 2012ರಲ್ಲಿ ಲಖನೌದ ಒಬ್ಬ ಶಾಲಾ ಹುಡುಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಇದನ್ನೇ ಕೇಳಿದಳು. ಆಗ ಅವಳಿಗೆ ಹತ್ತೇ ವರ್ಷ, ಹೆಚ್ಚುಕಡಿಮೆ ನಿಮ್ಮ ಹುಡುಗನ ವಯಸ್ಸು. ಯಾವ ಆಟವನ್ನೂ ರಾಷ್ಟ್ರೀಯ ಆಟ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ಅವನು ಹೇಳಿದ್ದು ಸುಳ್ಳಲ್ಲ, ನೀವು ಹೇಳಿದ್ದೂ ಸುಳ್ಳಲ್ಲ.

ಹಾಗಂತ ಹಾಕಿಯನ್ನು ಪಾಠದಿಂದ ಓಡಿಸಬೇಡಿ. ಜನ ಯಾಕೆ ಹಾಗೆ ನಂಬಿದರು ಅನ್ನೋದೇ ಒಳ್ಳೆಯ ಕಥೆ. 1928ರಿಂದ 1956ರವರೆಗೆ ಆರು ಒಲಿಂಪಿಕ್ಸ್‌ನಲ್ಲಿ ಸಾಲಾಗಿ ಚಿನ್ನ ಗೆದ್ದ ಆಟ ಅದು. ಮೊದಲ ಮೂರು ಗೆದ್ದಾಗ ನಾವಿನ್ನೂ ಬ್ರಿಟಿಷರ ಕೈಕೆಳಗೆ ಇದ್ದೆವು. ನಮ್ಮದು ಅಂತ ಎದೆ ತಟ್ಟಿಕೊಳ್ಳಲು ಜಗತ್ತಿನ ಮುಂದೆ ಇದ್ದದ್ದು ಅದೊಂದೇ. ಜನರ ಬಾಯಲ್ಲಿ ಪಟ್ಟ ಸಿಕ್ಕಿತು, ಕಾಗದದ ಮೇಲೆ ಸಿಗಲಿಲ್ಲ. 5ನೇ ತರಗತಿ ಮಕ್ಕಳಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತೆ.

ಎರಡನೇ ಪ್ರಶ್ನೆಗೆ ನನ್ನ ಹಳೇ ಉಪಾಯ ಹೇಳ್ತೀನಿ. ಚಾರ್ಟ್ ಬಿಡಿ, ಹತ್ತು ರೂಪಾಯಿ ನೋಟು ತೆಗೆಯಿರಿ. ಬಲಗಡೆ ಸಿಂಹ ಇದೆಯಲ್ಲ, ಎಷ್ಟು ಎಂದು ಎಣಿಸಲು ಹೇಳಿ. ಮೂರು ಅಂತಾರೆ. ನಾಲ್ಕು ಇದೆ ಅನ್ನಿ. ಗಲಾಟೆ ಶುರುವಾಗುತ್ತೆ! ಆಮೇಲೆ ನಾಲ್ಕು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ನಿಲ್ಲಿಸಿ, ಉಳಿದವರು ಒಂದೇ ಕಡೆಯಿಂದ ನೋಡಲಿ. ಮೂರು ಮುಖ ಮಾತ್ರ ಕಾಣುತ್ತೆ. ಸಾರನಾಥದ ಅಶೋಕನ ಕಂಬದ ಮೇಲಿದ್ದದ್ದು ಇದೇ ಅಂತ ಆಗ ಹೇಳಿ.

ಭೂತಗನ್ನಡಿ ಇದ್ದರೆ ಸಿಂಹದ ಕಾಲ ಕೆಳಗೆ ನೋಡಿಸಿ. ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಮೂಲ ಶಿಲ್ಪದಲ್ಲಿ ಆನೆ ಮತ್ತೆ ಇನ್ನೊಂದು ಸಿಂಹವೂ ಇವೆ, ನಮ್ಮ ಲಾಂಛನದಲ್ಲಿ ಅವು ಕಾಣಲ್ಲ. ಇದನ್ನು ಲಾಂಛನವಾಗಿ ಒಪ್ಪಿಕೊಂಡದ್ದು 1950ರ ಜನವರಿ 26ರಂದು. ಆದರೆ ಇಸವಿ ಕೊನೆಗೆ ಹೇಳಿ. ಮೊದಲೇ ಹೇಳಿದರೆ ಅದನ್ನೊಂದೇ ಬರೆದುಕೊಂಡು ಪೆನ್ನು ಮುಚ್ಚಿಬಿಡ್ತಾರೆ.

ಹುಬ್ಬಳ್ಳಿ ಹುಡುಗ:

ಮೇಡಂ, ನಮ್ಮ ಮನೆ ಬೆಂಗೇರಿಯ ಹತ್ತಿರ. ಅಲ್ಲಿ ಖಾದಿ ಸಂಘದವರು ಧ್ವಜ ತಯಾರಿಸುತ್ತಾರೆ, ಸರಕಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಮಾನ್ಯತೆ ಇರುವ ಘಟಕ ಅದು. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುತ್ತದೆ. ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಚಕ್ರವನ್ನು ಬಟ್ಟೆಯ ಎರಡೂ ಕಡೆ ಅಚ್ಚು ಹಾಕುತ್ತಾರೆ, ಈ ಕಡೆಯದು ಆ ಕಡೆಯದರ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಒಂಬತ್ತು ಅಳತೆ ಇವೆ. ಚಿಕ್ಕದು ಅಂಗೈ ಅಗಲ, ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ನಿಮ್ಮ ಶಾಲೆಯ ಅಂಗಳದಲ್ಲಿ ಸುಣ್ಣದಪುಡಿಯಿಂದ ಆ ಅಳತೆಗೆ ಗೆರೆ ಹಾಕಿ, ಮಕ್ಕಳನ್ನು ಒಳಗೆ ಕೂರಿಸಿ. ಇಡೀ ತರಗತಿ ಹಿಡಿಯುತ್ತೆ.

ಯಾವ ಅಳತೆಯಾದರೂ 3ಕ್ಕೆ 2, ಅದು ತಪ್ಪಬಾರದು. ಮಕ್ಕಳು ಚಕ್ರ ಬರೆಯುವಾಗ ಕಡ್ಡಿಗಳು ಹದಿನೆಂಟೋ ಇಪ್ಪತ್ತೋ ಆಗಿಬಿಡುತ್ತವೆ, ಅಲ್ವಾ? ಗಡಿಯಾರ ಬರೆಸಿ. ಹನ್ನೆರಡು ಗಂಟೆಗೆ ಹನ್ನೆರಡು ಗೆರೆ, ನಡುನಡುವೆ ಒಂದೊಂದು. ಸರಿಯಾಗಿ 24.

ಒಂದು ಸಂಕಟ. 2021ರ ಕೊನೆಯಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ, ಯಂತ್ರದಲ್ಲಿ ಮಾಡಿದ ಬಟ್ಟೆಗೂ ಅನುಮತಿ ಕೊಟ್ಟರು. ಅಗ್ಗದ ಬಾವುಟ ಎಲ್ಲರ ಕೈಗೂ ಬಂತು, ಸರಿ. ಆದರೆ ಚರಕದ ಮುಂದೆ ಕೂರುವವರ ಕಷ್ಟ ನೋಡಿದವನು ನಾನು, ನನಗೆ ಖಾದಿಯೇ ಇಷ್ಟ. ಪಾಠಕ್ಕೆ ಇದು ಬೇಕೋ ಬೇಡವೋ ನೀವೇ ನೋಡಿ.

ಕೊಪ್ಪಳದ ಓದುಗ:

ಲಿಂಗಸುಗೂರು ಕಡೆಯವರು ಅಂತೀರಿ, ಮಸ್ಕಿ ಮರೆತಿರಲ್ಲ! ಆ ಸಿಂಹದ ಕಂಬ ನಿಲ್ಲಿಸಿದ ಅಶೋಕನ ಶಾಸನ ನಿಮ್ಮ ಪಕ್ಕದ ಗುಡ್ಡದಲ್ಲೇ ಇದೆ. 1915ರಲ್ಲಿ ಸಿಕ್ಕಿತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಇತ್ತು. ಈ ರಾಜ ಅಶೋಕನೇ ಅಂತ ಗಟ್ಟಿಯಾದದ್ದು ಮಸ್ಕಿಯ ಬಂಡೆಯಿಂದ, ಅದರಲ್ಲಿ ಹೆಸರೇ ಇದೆ. ನಮ್ಮ ಕೊಪ್ಪಳದ ಗವಿಮಠದಲ್ಲೂ, ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಮಕ್ಕಳನ್ನು ಒಂದು ದಿನ ಬುತ್ತಿ ಕಟ್ಟಿಸಿ ಮಸ್ಕಿಗೆ ಕರೆದುಕೊಂಡು ಹೋಗಿ. ನೋಟಿನ ಮೇಲಿನ ಸಿಂಹ ದಿಲ್ಲಿಯಿಂದ ಬಂದದ್ದು ಅಂದುಕೊಂಡಿರುತ್ತಾರೆ.

ಸಿಂಹ, ಹುಲಿ ಗೊಂದಲವೂ ಬರುತ್ತೆ, ತಯಾರಾಗಿರಿ. ಲಾಂಛನದಲ್ಲಿ ಸಿಂಹ, ರಾಷ್ಟ್ರೀಯ ಪ್ರಾಣಿ ಹುಲಿ. ಮೊದಲು ರಾಷ್ಟ್ರೀಯ ಪ್ರಾಣಿಯೂ ಸಿಂಹವೇ ಆಗಿತ್ತು. ಹುಲಿಗಳು ತೀರಾ ಕಡಿಮೆಯಾದಾಗ ಅವುಗಳ ಕಡೆ ಗಮನ ಹೋಯಿತು. 1973ರಲ್ಲಿ ಹುಲಿ ಯೋಜನೆ ಶುರುವಾಯಿತು, ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಇತ್ತು.

ಲಿಂಗಸುಗೂರು ಟೀಚರ್:

ಎಲ್ಲರಿಗೂ ಧನ್ಯವಾದ. ಶನಿವಾರ ಮೇಷ್ಟ್ರ ಉಪಾಯ ಮಾಡಿ ನೋಡಿದೆ. ನಾಲ್ಕು ಹುಡುಗಿಯರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಹಿಂದಿದ್ದವಳು ಮುಖ ಊದಿಸಿಕೊಂಡಳು: "ನನ್ ಮುಖ ಯಾರಿಗೂ ಕಾಣಂಗಿಲ್ಲ, ನಾ ಯಾಕ್ರಿ ನಿಂದರಬೇಕು?" ಕೊನೆಗೆ ನಿಂತವರು ನಿಂತೇ ಇದ್ದರು, ಉಳಿದ ಮಕ್ಕಳು ಸುತ್ತ ಒಂದು ಸುತ್ತು ಹಾಕಿ ಬಂದರು. ಆಗ ಅವಳಿಗೆ ಸಮಾಧಾನ.

ಇಬ್ಬರು ಮಕ್ಕಳ ತಾಯಿಗೆ: ನಿಮ್ಮ ಚಿಂತೆ ನನಗೂ ಗೊತ್ತು ಅಕ್ಕಾ, ನಮ್ಮಲ್ಲೂ ಇಬ್ಬರು ಮೊರಾರ್ಜಿಗೆ ಬರೆಯುತ್ತಾರೆ. ಆದರೂ ಟಂಟಂನಲ್ಲಿ ಕೇಳಿದ ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ನನ್ನಿಂದ ಆಗಲ್ಲ.

ಲಖನೌ ಹುಡುಗಿಯ ಕಥೆ ಅವನಿಗೆ ಹೇಳಿದೆ. ಏನೂ ಮಾತಾಡಲಿಲ್ಲ. ಊಟದ ಬಿಡುವಿನಲ್ಲಿ ಬೆಂಚು ಹತ್ತಿ ಚಾರ್ಟಿನಲ್ಲಿ ಹಾಕಿಯ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಿದ್ದಾನೆ. ಜಿಲೇಬಿಗೆ ಮಾತ್ರ ಎಳೆದಿಲ್ಲ. ಯಾಕೋ ಅಂದರೆ "ಅದು ಇರಲಿ ಬಿಡ್ರಿ ಟೀಚರ್" ಅಂದ.