ಆಟಿಕೆಯಂತೆ ಕಾಣುವ ಡೈಕಾಸ್ಟ್ ಇ-ಟೈಪ್‌ಗೆ ಏನು ಮಾಡಬಹುದು?

ಪ್ರಶ್ನೆ: 1961ರ ಜಾಗ್ವಾರ್ ಇ-ಟೈಪ್ ಕಾರಿನ 1:18 (ನಿಜ ಗಾತ್ರದ ಹದಿನೆಂಟನೇ ಒಂದು) ಅಳತೆಯ, ಅಚ್ಚಿನಲ್ಲಿ ಲೋಹ ಎರೆದು ಮಾಡಿದ ಡೈಕಾಸ್ಟ್ ಮಾದರಿ ನನ್ನ ಬಳಿ ಇದೆ. ಕೆಂಪು ಬಣ್ಣ ಚೆನ್ನಾಗಿಯೇ ಇದೆ, ಆದರೂ ಆಟಿಕೆಯಂತೆ ಕಾಣುತ್ತದೆ. ಬಣ್ಣ ತೆಗೆದು ಹೊಸದಾಗಿ ಹೊಡೆಯಬೇಕೇ? ಮಾಡಿ ನೋಡಿದವರು ತಿಳಿಸಿ.

ಉತ್ತರ: ಬಣ್ಣದ ತಂಟೆಗೆ ಹೋಗಬೇಡಿ. ನಿಜವಾದ ಕಾರಿನ ಬಾಗಿಲು, ಬಾನೆಟ್‌ಗಳ ಸಂದಿಯಲ್ಲಿ ನೆರಳಿರುತ್ತದೆ, ಮಾದರಿಯಲ್ಲಿ ಅದಿಲ್ಲ. ಅಕ್ರಿಲಿಕ್ ಬಣ್ಣವನ್ನು ನೀರಿನಷ್ಟು ತೆಳುವಾಗಿಸಿ, ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಬೆರೆಸಿ, ಕುಂಚದ ತುದಿಯನ್ನು ಸಂದಿಗೆ ತಾಗಿಸಿ. ಅದು ತಾನಾಗಿ ಹರಿದುಕೊಳ್ಳುತ್ತದೆ. ಆಚೀಚೆ ಹರಡಿದ್ದನ್ನು ಒದ್ದೆ ಹತ್ತಿಯಿಂದ ಒರೆಸಿ. ಕೆಂಪು ಕಾರಿಗೆ ಅಪ್ಪಟ ಕಪ್ಪು ಬೇಡ, ವ್ಯಂಗ್ಯಚಿತ್ರದ ಗೆರೆಯಂತೆ ಎದ್ದು ಕಾಣುತ್ತದೆ. ಕಡುಗಂದು ಸಾಕು.

ಉತ್ತರ: ಅದಾದ ಮೇಲೆ ಎಂಜಿನ್ ಕಡೆಗೆ ಬನ್ನಿ. ಇ-ಟೈಪ್‌ನ ಬಾನೆಟ್ ಮಡ್‌ಗಾರ್ಡ್‌ಗಳ ಸಮೇತ ಮುಂದಕ್ಕೆ ಮಗುಚುವುದರಿಂದ ಒಳಗಿನದೆಲ್ಲ ಬಯಲಾಗುತ್ತದೆ. ಆರು ಸಿಲಿಂಡರ್‌ಗಳ ಎಂಜಿನ್, ಹಾಗಾಗಿ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ಸ್ಪಾರ್ಕ್ ಪ್ಲಗ್‌ಗಳಿಗೆ ಆರು ತಂತಿ, ಆ ವಿದ್ಯುತ್ತನ್ನು ಒದಗಿಸುವ ಇಗ್ನಿಷನ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಒಂದು. ಹೆಚ್ಚಿನವರು ಕೆಡಿಸುವುದು ತಂತಿಯ ದಪ್ಪದಲ್ಲಿ. ನಿಜವಾದದ್ದು ಸುಮಾರು 7 ಮಿ.ಮೀ. ಇದ್ದರೆ ಈ ಅಳತೆಗೆ 0.4 ಮಿ.ಮೀ. ಆಗುತ್ತದೆ. 1 ಮಿ.ಮೀ. ತಂತಿ ಸಿಕ್ಕಿಸಿದರೆ ನಿಜ ಗಾತ್ರದಲ್ಲಿ 18 ಮಿ.ಮೀ. ಆಯಿತು, ಅದು ತಂತಿಯಲ್ಲ, ಕೊಳವೆ! ಕ್ಯಾಮ್ ಕವರ್‌ಗಳು, ಅಂದರೆ ಎಂಜಿನ್ ಮೇಲಿನ ಉದ್ದನೆಯ ಮುಚ್ಚಳಗಳು, ಹೊಳಪಿನ ಅಲ್ಯೂಮಿನಿಯಂ. ಅವುಗಳ ಸುತ್ತಲಿನದನ್ನು ಸ್ವಲ್ಪ ಮಂಕು ಮಾಡಿದರೆ ಅವು ತಾವೇ ಎದ್ದು ಕಾಣುತ್ತವೆ.

ಉತ್ತರ: ಅಂಟಿನ ವಿಷಯ ಯಾರೂ ಹೇಳಲಿಲ್ಲ. 1961ರ ಇ-ಟೈಪ್‌ನ ಹೆಡ್‌ಲೈಟ್‌ಗಳ ಮೇಲೆ ಪಾರದರ್ಶಕ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಮತ್ತೆ ಕೂರಿಸಲು ಸೂಪರ್ ಗ್ಲೂ ಬಳಸಬೇಡಿ, ಅದರ ಆವಿಗೆ ಒಳಮೈ ಬೆಳ್ಳಗಾಗುತ್ತದೆ. ಮರಕ್ಕೆ ಹಚ್ಚುವ ಬಿಳಿ ಅಂಟು ಒಣಗಿದ ಮೇಲೆ ಕಾಣುವುದೇ ಇಲ್ಲ. ಕಿಟಕಿ ಅಂಚಿನ ಬೆಳ್ಳಿ ಬಣ್ಣದ ಮೇಲೆ ಹಿಂಬದಿಗೆ ಅಂಟು ಬಳಿದಿರುವ ತೆಳು ಲೋಹದ ಹಾಳೆಯನ್ನು ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಕತ್ತರಿಸಿ. ಹಳೆಯ ಬ್ಲೇಡು ಹಾಳೆಯನ್ನು ಹರಿದುಬಿಡುತ್ತದೆ.

ಉತ್ತರ: ಮೊದಲ ಉತ್ತರವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾರ್ಖಾನೆಯ ಬಣ್ಣ ದಪ್ಪವಾಗಿ ಸಂದಿಗಳನ್ನೇ ಮುಚ್ಚಿದ್ದರೆ ತೆಗೆಯಲೇಬೇಕು. ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಮೊದಲು ಬಿಚ್ಚಿಡಿ, ಬಣ್ಣ ತೆಗೆಯಲು ಬಳಸುವ ಅಸಿಟೋನ್ ತಗುಲಿದರೆ ಅವು ಕರಗುತ್ತವೆ. ಮೈಯ ಲೋಹ ಸತುವಿನ ಮಿಶ್ರಲೋಹ, ಲೋಹಕ್ಕೆಂದೇ ಇರುವ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಹಾಕದಿದ್ದರೆ ಹೊಸ ಬಣ್ಣ ಉಗುರು ತಾಗಿದಲ್ಲೆಲ್ಲ ಏಳುತ್ತದೆ.

ಪ್ರಶ್ನೆ ಕೇಳಿದವರು: ಸಂದಿಗಳು ತೆರೆದೇ ಇವೆ, ಹಾಗಾಗಿ ಬಣ್ಣ ಉಳಿಸಿಕೊಳ್ಳುತ್ತೇನೆ. ಟೈರುಗಳು ಮಾತ್ರ ವಿಪರೀತ ಹೊಳೆಯುತ್ತಿವೆ.

ಉತ್ತರ: ನೆಲಕ್ಕೆ ತಾಗುವ ಭಾಗವನ್ನು ಮಾತ್ರ ನಯವಾದ ಮರಳು ಕಾಗದದಿಂದ ತೀಡಿ. ಪಕ್ಕಗಳಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ತೆಳ್ಳಗೆ ಹಚ್ಚಿದರೆ ಸಾಕು.